ಐದು ನಿಮಿಷ, ಒಂದೇ ಲೆಕ್ಕ: ಸ್ಕ್ರೀನ್ ರೆಕಾರ್ಡ್ ಮಾಡಿ ಗಣಿತ ಕಲಿಸಿದ ನನ್ನ ಅನುಭವ

"ವೀಡಿಯೊ ನೋಡಿ ಯಾವ ಹುಡುಗ ಲೆಕ್ಕ ಕಲಿತಾನೆ ಮೇಷ್ಟ್ರೇ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರೇ ಈಗ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು 2020ರಲ್ಲಿ, ಶಾಲೆ ಮುಚ್ಚಿದ್ದಾಗ. ಮೊದಲ ವೀಡಿಯೊ 40 ನಿಮಿಷದ ಮೇಲಿತ್ತು. ವರ್ಗಸಮೀಕರಣದ ಅರ್ಧ ಅಧ್ಯಾಯ ಒಂದೇ ಉಸಿರಿಗೆ ಹೇಳಿದ್ದೆ. ಆಗ ವಾಟ್ಸಾಪ್‌ನಲ್ಲಿ 16 ಎಂಬಿಗಿಂತ ದೊಡ್ಡ ವೀಡಿಯೊ ಹೋಗುತ್ತಿರಲಿಲ್ಲ. ತುಂಡು ಮಾಡಿ ಕಳಿಸಿದೆ. ಮೂರನೇ ತುಂಡಿನವರೆಗೆ ನೋಡಿದವರು ಆರೇಳು ಮಕ್ಕಳು. ಅಪ್ಪ ಸಂಜೆ ಮನೆಗೆ ಬಂದ ಮೇಲೆ ತಾನೇ ಮೊಬೈಲು ಅವರ ಕೈಗೆ ಸಿಗೋದು?

ಮೌಸಿನಲ್ಲಿ ಬರೆದರೆ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಪೆನ್ ಟ್ಯಾಬ್ಲೆಟ್‌ಗೆ ಸುಮಾರು 3,500 ರೂಪಾಯಿ ಹೋಯಿತು. ಮೊದಲು ತಂದ ಮೈಕಿನ 1,200 ದಂಡ, ಬರೀ ಗುಂಯ್ ಎನ್ನುತ್ತಿತ್ತು. ಆಮೇಲೆ 800ರ ಕಾಲರ್ ಮೈಕ್ ಸಾಕಾಯಿತು. ನಮ್ಮದು ಶೀಟಿನ ಮನೆ, ಮಳೆ ಬಂದರೆ ಮಾತೇ ಕೇಳುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಫ್ಯಾನ್ ಆರಿಸಿ, ಮೇಜಿನ ಮೇಲೆ ಕಂಬಳಿ ಹಾಸಿ ರೆಕಾರ್ಡ್ ಮಾಡಿದೆ. ಸ್ಕ್ರೀನ್ ರೆಕಾರ್ಡ್ ಮಾಡಲು ಒಬಿಎಸ್, ಬರೆಯಲು ಓಪನ್‌ಬೋರ್ಡ್, ಗಣಿತದ ಚಿತ್ರಕ್ಕೆ ಜಿಯೋಜೀಬ್ರಾ, ಮೂರು ಸಾಫ್ಟ್‌ವೇರೂ ಪುಕ್ಕಟೆ.

ಮೊದಲು ಬರೆದು, ಆಮೇಲೆ ದನಿ ಕೂಡಿಸಿ ನೋಡಿದೆ. ಕೈಗೂ ಮಾತಿಗೂ ತಾಳೆಯೇ ಆಗಲಿಲ್ಲ. ಹಾಳೆ ನೋಡಿ ಓದಿದರೆ ರೇಡಿಯೊ ವಾರ್ತೆಯ ಹಾಗಾಯಿತು. ಬರೆಯುತ್ತಾ ಮಾತಾಡಿದಾಗಲೇ ಪಾಠ ಪಾಠದಂತೆ ಕೇಳಿಸಿತು.

ಕೆಲಸ ಮಾಡಿದ್ದು ಇದು: ಒಂದು ವೀಡಿಯೊಗೆ ಒಂದೇ ಲೆಕ್ಕ, ಐದು ನಿಮಿಷ, ಒಳಗೆ ಬೇಕೆಂದೇ ಒಂದು ತಪ್ಪು. ಎಕ್ಸ್² + 6ಎಕ್ಸ್ = 16 ತಗೊಳ್ಳಿ. ವರ್ಗ ಪೂರ್ಣಗೊಳಿಸಲು ಎರಡೂ ಕಡೆ 9 ಕೂಡಿಸಬೇಕು. ನಾನು ಎಡಗಡೆ ಮಾತ್ರ ಕೂಡಿಸಿ, ಪೆನ್ನು ನಿಲ್ಲಿಸಿ ಸುಮ್ಮನಾಗುತ್ತೇನೆ. ನಮ್ಮ ಮಕ್ಕಳು ಎಡವುವುದು ಅಲ್ಲೇ ಅಲ್ವಾ? "ಸಾರ್, ಬಲಗಡೆ!" ಎಂದು ಮನೆಯಲ್ಲಿ ಕೂಗಿದೆ ಎಂದು ಒಬ್ಬ ಹುಡುಗ ಹೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಆಮೇಲೆ (ಎಕ್ಸ್ + 3)² = 25. 25ರ ವರ್ಗಮೂಲ 5 ಮತ್ತು ಮೈನಸ್ 5 ಎರಡೂ. ಇಲ್ಲಿ ಮೈನಸ್ 5 ಬಿಟ್ಟರೆ 2 ಸಿಗುತ್ತದೆ, ಮೈನಸ್ 8 ಕೈತಪ್ಪುತ್ತದೆ. ಅದಕ್ಕೆ ಇನ್ನೊಂದು ವೀಡಿಯೊ. ಆ 9 ಎಲ್ಲಿಂದ ಬಂತು ಎಂದು ಜಿಯೋಜೀಬ್ರಾದಲ್ಲಿ ತೋರಿಸಿದೆ: ಎಕ್ಸ್ ಉದ್ದದ ಚೌಕದ ಅಕ್ಕಪಕ್ಕದ ಎರಡು ಬದಿಗೆ ಮೂರು ಅಗಲದ ಪಟ್ಟಿ ಅಂಟಿಸಿದರೆ ಮೂಲೆಯಲ್ಲಿ 3 × 3 ಖಾಲಿ ಉಳಿಯುತ್ತದೆ. ಬೋರ್ಡಿನ ಮೇಲೆ ಇದು ಯಾವತ್ತೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಯಾವ ಲೆಕ್ಕದಲ್ಲಿ ಯಾವ ತಪ್ಪು, ಎಷ್ಟು ಸೆಕೆಂಡು ಮೌನ, ಆ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿ ಮಾಡಿಕೊಂಡದ್ದು.

ನಡುವೆ ಹಿನ್ನೆಲೆ ಸಂಗೀತ ಹಾಕಿ ನೋಡಿದೆ, ವಾರದಲ್ಲೇ ತೆಗೆದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಂದ ಸಮಾಂತರ ಶ್ರೇಢಿ ಹೇಳಿಸಿದೆ. ಮಕ್ಕಳು ನನ್ನದಕ್ಕಿಂತ ಅವಳದನ್ನೇ ಜಾಸ್ತಿ ನೋಡಿದರು. ಅವಳ ಭಾಷೆ ಅವರದೇ ಭಾಷೆ.

ಹೋದ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರವತ್ತು ಮಕ್ಕಳಲ್ಲಿ ನಲವತ್ತರ ಹತ್ತಿರ ವರ್ಗ ಪೂರ್ಣಗೊಳಿಸುವ ಲೆಕ್ಕ ಪೂರ್ತಿ ಸರಿ ಮಾಡಿದ್ದರು. ಮೊದಲು ಹದಿನೈದು ದಾಟುತ್ತಿರಲಿಲ್ಲ. ಈಗ ತ್ರಿಕೋನಮಿತಿಯ ಎತ್ತರ-ದೂರದ ಲೆಕ್ಕ ಹಿಡಿದಿದ್ದೇನೆ. ಚಿತ್ರ ಬರೆಯುವಷ್ಟರಲ್ಲೇ ಮೂರು ನಿಮಿಷ ಮುಗಿಯುತ್ತಿದೆ. ಅದನ್ನು ಎರಡಕ್ಕೆ ಇಳಿಸಬೇಕು.