ಬೇ ಏರಿಯಾಗೆ ಹೊಸದಾಗಿ ಬಂದ ಕನ್ನಡಿಗರಿಗೆ: ತುರ್ತು ಪೆಟ್ಟಿಗೆಯ ನೀರು ಮತ್ತು ರಕ್ತ ನಿಲ್ಲಿಸುವ ಪಟ್ಟಿ

ಬೇ ಏರಿಯಾ, ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಪ್ರದೇಶದ ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ, ಡಬ್ಲಿನ್, ಸ್ಯಾನ್ ರಮೋನ್ ಮುಂತಾದ ಊರುಗಳಲ್ಲಿ ಮನೆ ಹಿಡಿಯುವ ಕನ್ನಡ ಕುಟುಂಬಗಳು ಮೊದಲ ಕೆಲವು ವಾರಗಳಲ್ಲಿ ಬ್ಯಾಂಕ್ ಖಾತೆ, ಚಾಲನಾ ಪರವಾನಗಿ, ಮಕ್ಕಳ ಶಾಲೆ ಎಂದು ಓಡಾಡುವುದರಲ್ಲೇ ದಣಿದುಹೋಗುತ್ತವೆ. ಭೂಕಂಪಕ್ಕೆ ಸಿದ್ಧವಾಗುವ ಕೆಲಸವನ್ನು ಆಮೇಲೆ ನೋಡೋಣ ಎಂದು ಮುಂದೂಡಿದವರು ವರ್ಷಗಳಾದರೂ ಅದನ್ನು ಕೈಗೆತ್ತಿಕೊಳ್ಳದೆ ಇರುವುದು ನಮ್ಮ ಸಮುದಾಯದಲ್ಲಿ ಬಹಳ ಸಾಮಾನ್ಯ. ಹೇವರ್ಡ್ ಬಿರುಕು, ಅಂದರೆ ಭೂಕಂಪ ಹುಟ್ಟಿಸುವ ನೆಲದಾಳದ ಸೀಳು, ಫ್ರೀಮಾಂಟ್ ಊರನ್ನೇ ಸೀಳಿಕೊಂಡು ಹೋಗುತ್ತದೆ. ಅದು ಕೊನೆಯ ಬಾರಿ ದೊಡ್ಡದಾಗಿ ಅಲುಗಿದ್ದು 1868ರಲ್ಲಿ. 1989ರ ಅಕ್ಟೋಬರ್ 17ರ ಸಂಜೆ ನಡೆದ 6.9 ಪರಿಮಾಣದ ಲೋಮಾ ಪ್ರಿಯೆಟಾ ಭೂಕಂಪದಲ್ಲಿ 63 ಜನ ಸತ್ತರು. 2014ರಿಂದ 2043ರ ನಡುವೆ ಈ ಪ್ರದೇಶದಲ್ಲಿ 6.7 ಅಥವಾ ಅದಕ್ಕೂ ಹೆಚ್ಚಿನ ಪರಿಮಾಣದ ಒಂದು ಭೂಕಂಪವಾದರೂ ಆಗುವ ಸಾಧ್ಯತೆ ಶೇಕಡಾ 72 ಎಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಅಂದಾಜು ಮಾಡಿದೆ. ಕರ್ನಾಟಕದ ಬಹುಭಾಗ ಭೂಕಂಪದ ಅಪಾಯ ಕಡಿಮೆ ಇರುವ ವಲಯಗಳಲ್ಲಿರುವುದರಿಂದ ನಮಗೆ ಈ ಭಯ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕಾಗಿಯೇ ಈ ಬರಹ.

ತುರ್ತು ಪೆಟ್ಟಿಗೆಯಲ್ಲಿ ಇರಬೇಕಾದ ವಸ್ತುಗಳು ಹಲವು. ನಾನು ಇಲ್ಲಿ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಜನ ಇವೆರಡರಲ್ಲಿ ಒಂದಕ್ಕೆ ಅಗತ್ಯಕ್ಕಿಂತ ಕಡಿಮೆ ಹಣ, ಇನ್ನೊಂದಕ್ಕೆ ಅಗತ್ಯಕ್ಕಿಂತ ಹೆಚ್ಚು ಹಣ ಹಾಕುವುದನ್ನು ಕಾಣುತ್ತಿದ್ದೇನೆ. ಮೊದಲನೆಯದು ನೀರು, ಎರಡನೆಯದು ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಔಷಧಲೇಪಿತ ಗಾಝ್ ಪಟ್ಟಿ.

ಬೆಂಗಳೂರಿನ ಮನೆಯಲ್ಲಿ ನೆಲದಡಿಗೆ ಸಂಪ್, ಮೇಲೆ ಟ್ಯಾಂಕ್, ಬಚ್ಚಲಲ್ಲಿ ಒಂದೆರಡು ಬಕೆಟ್ ಇದ್ದೇ ಇರುತ್ತವೆ. ಕಾವೇರಿ ನೀರು ಎರಡು ದಿನ ಬಾರದಿದ್ದರೂ ಮನೆ ನಡೆಯುತ್ತದೆ. ದೀಪಾವಳಿಗೆ ಮುನ್ನ ಹಂಡೆ ತೊಳೆದು ನೀರು ತುಂಬುವ ಹಬ್ಬವನ್ನೇ ಮಾಡುವ ಜನ ನಾವು. ಇಲ್ಲಿನ ಮನೆಗಳಲ್ಲಿ ಸಂಪೂ ಇಲ್ಲ, ಮೇಲಿನ ಟ್ಯಾಂಕೂ ಇಲ್ಲ. ಬೀದಿಯ ಕೊಳವೆಯ ಒತ್ತಡದಿಂದಲೇ ನೀರು ನೇರವಾಗಿ ನಲ್ಲಿಗೆ ಬರುತ್ತದೆ. ಕೊಳವೆ ಒಡೆದ ಕ್ಷಣದಿಂದ ನಲ್ಲಿ ಬರಿದು. ಸ್ಯಾನ್ ಫ್ರಾನ್ಸಿಸ್ಕೋಗೂ ಸುತ್ತಲಿನ ಹಲವು ಊರುಗಳಿಗೂ ಯೊಸೆಮಿಟಿ ಬೆಟ್ಟಗಳ ಹೆಚ್ ಹೆಚಿ ಜಲಾಶಯದಿಂದ ಬರುವ ನೀರಿನ ಕೊಳವೆಗಳು ಹೇವರ್ಡ್ ಬಿರುಕನ್ನು ದಾಟಿಯೇ ಬರಬೇಕು. ಅವುಗಳನ್ನು ಕೋಟ್ಯಂತರ ಡಾಲರ್ ಖರ್ಚು ಮಾಡಿ ಬಲಪಡಿಸಿದ್ದಾರೆ, ನಿಜ. ಆದರೆ ನಿಮ್ಮ ಬೀದಿಯ ಹಳೆಯ ಕೊಳವೆಗೆ ಆ ಬಲ ಇರಲಾರದು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಸುಟ್ಟುಹೋಗಲು ನೆಲ ನಡುಗಿದಾಗ ನೀರಿನ ಕೊಳವೆಗಳು ಒಡೆದದ್ದೂ ದೊಡ್ಡ ಕಾರಣವಾಗಿತ್ತು.

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಕನಿಷ್ಠ 3 ದಿನಗಳಿಗೆ ಎಂಬುದು ಇಲ್ಲಿನ ಸರ್ಕಾರಿ ಸಂಸ್ಥೆಗಳು ಹೇಳುವ ಲೆಕ್ಕ. ಸಾಧ್ಯವಾದರೆ 2 ವಾರಗಳಿಗೆ ಇಡಿ ಎಂದೂ ಅವೇ ಹೇಳುತ್ತವೆ. ಇದರಲ್ಲಿ ಕುಡಿಯುವುದೂ ಅಲ್ಪಸ್ವಲ್ಪ ಶುಚಿತ್ವವೂ ಸೇರಿದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮನೆಗಳಿಗೆ ಈ ಲೆಕ್ಕ ಬಿಗಿಯಾಗುತ್ತದೆ: ಅಕ್ಕಿ ತೊಳೆಯಲು, ಬೇಳೆ ಬೇಯಿಸಲು, ಪಾತ್ರೆ ಬೆಳಗಲು, ಶೌಚಕ್ಕೆ, ಎಲ್ಲದಕ್ಕೂ ನಮಗೆ ನೀರೇ ಬೇಕು. ಆದ್ದರಿಂದ ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್ ಎಂದು ಹಿಡಿದು, ಒಂದು ವಾರಕ್ಕೆ ಸಾಕಾಗುವಷ್ಟನ್ನು ಮೊದಲ ಗುರಿಯಾಗಿಟ್ಟುಕೊಳ್ಳಿ. ನಾಲ್ವರ ಮನೆಗೆ ಅದು 42 ಗ್ಯಾಲನ್. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದರೆ ಅವರು ಬರುವ ಮೊದಲೇ ಆ ಇಬ್ಬರ ಪಾಲನ್ನೂ ತಂದಿಡಿ. ವಯಸ್ಸಾದವರಿಗೆ, ಬಾಣಂತಿಯರಿಗೆ, ಪುಡಿ ಹಾಲು ಕುಡಿಯುವ ಕೂಸಿಗೆ ನೀರಿನ ಕೊರತೆ ಎಲ್ಲರಿಗಿಂತ ಮೊದಲು ತಟ್ಟುತ್ತದೆ.

ಸುಲಭವಾದ ದಾರಿ ಎಂದರೆ ಅಂಗಡಿಯಿಂದ ಸೀಲ್ ಮಾಡಿದ ಬಾಟಲಿ ನೀರನ್ನು ತಂದು, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡುವುದು. ಹಣ ಉಳಿಸಬೇಕೆನ್ನುವವರು ನಲ್ಲಿಯ ನೀರನ್ನೇ ತುಂಬಿಡಬಹುದು. ನಗರದ ನೀರಿನಲ್ಲಿ ಆಗಲೇ ಕ್ರಿಮಿನಾಶಕ ಇರುವುದರಿಂದ ತುಂಬುವಾಗ ಬೇರೇನನ್ನೂ ಬೆರೆಸಬೇಕಿಲ್ಲ. ಆಹಾರಕ್ಕೆ ಯೋಗ್ಯವೆಂದು ನಮೂದಿಸಿದ, ಕ್ಯಾಂಪಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಗಟ್ಟಿ ಪ್ಲಾಸ್ಟಿಕ್ ಕ್ಯಾನ್‌ಗಳು ಅತ್ಯುತ್ತಮ. 2 ಲೀಟರಿನ ಸೋಡಾ ಬಾಟಲಿಗಳೂ ಆಗುತ್ತವೆ. ಹಾಲಿನ ಕ್ಯಾನನ್ನು ಮಾತ್ರ ಎಂದಿಗೂ ಬಳಸಬೇಡಿ. ಎಷ್ಟು ತೊಳೆದರೂ ಅದರಲ್ಲಿ ಹಾಲಿನ ಅಂಶ ಉಳಿದು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಆ ತೆಳು ಪ್ಲಾಸ್ಟಿಕ್ ಕೂಡ ಬೇಗ ಸೋರತೊಡಗುತ್ತದೆ. ಗಾಜಿನ ಪಾತ್ರೆ ಭೂಕಂಪಕ್ಕೆ ಹೇಳಿ ಮಾಡಿಸಿದ್ದಲ್ಲ. ತುಂಬುವ ಮೊದಲು ಪಾತ್ರೆಯನ್ನು ಸೋಪಿನಿಂದ ತೊಳೆದು, ಸುಮಾರು ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸುವಾಸನೆಯಿಲ್ಲದ ಬ್ಲೀಚ್ ಬೆರೆಸಿ, ಒಳಗೆಲ್ಲ ತಾಗುವಂತೆ ಅರ್ಧ ನಿಮಿಷ ಕುಲುಕಿ ಚೆಲ್ಲಿ, ಶುದ್ಧ ನೀರಿನಿಂದ ಜಾಲಿಸಬೇಕು. ಹೀಗೆ ನಾವೇ ತುಂಬಿದ ನೀರನ್ನು 6 ತಿಂಗಳಿಗೊಮ್ಮೆ ಬದಲಿಸಬೇಕು. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಂದು ನಿಶ್ಚಯಿಸಿಕೊಂಡರೆ ದಿನ ಮರೆಯುವುದಿಲ್ಲ. ಹಳೆಯ ನೀರು ಗಿಡಗಳಿಗೆ ಆಗುತ್ತದೆ.

ತೂಕವನ್ನು ಬಹಳ ಜನ ಯೋಚಿಸುವುದಿಲ್ಲ. 5 ಗ್ಯಾಲನ್ ಕ್ಯಾನ್ ಸುಮಾರು 19 ಕಿಲೋ ತೂಗುತ್ತದೆ. 55 ಗ್ಯಾಲನ್ ಪೀಪಾಯಿ 200 ಕಿಲೋ ದಾಟುತ್ತದೆ. ಪೀಪಾಯಿ ಸ್ವಂತ ಮನೆಯ ಗ್ಯಾರೇಜಿನವರಿಗೆ ಸರಿ, ಮೂರನೆಯ ಮಹಡಿಯ ಬಾಡಿಗೆ ಮನೆಗೆ ಅಲ್ಲ. ಎಲ್ಲ ನೀರನ್ನೂ ಒಂದೇ ಕಡೆ ಇಡಬೇಡಿ, ಏಕೆಂದರೆ ಗ್ಯಾರೇಜಿನ ಬಾಗಿಲು ಓರೆಯಾಗಿ ಸಿಕ್ಕಿಹಾಕಿಕೊಂಡರೆ ಒಳಗಿನ ನೀರು ಇದ್ದೂ ಇಲ್ಲದಂತೆಯೇ. ಕ್ಯಾನ್‌ಗಳನ್ನು ಎತ್ತರದ ಕಪಾಟಿನಲ್ಲಿಟ್ಟರೆ ನೆಲ ಅಲುಗಿದಾಗ ತಲೆಯ ಮೇಲೇ ಬೀಳುತ್ತವೆ. ಪೆಟ್ರೋಲ್, ಬಣ್ಣ, ಕೀಟನಾಶಕಗಳ ಪಕ್ಕದಲ್ಲಿ ಇಡುವುದಂತೂ ಬೇಡವೇ ಬೇಡ.

ಮನೆಯೊಳಗೇ ಇರುವ ಇನ್ನೊಂದು ನೀರಿನ ಮೂಲವನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ನಿಮ್ಮ ಮನೆಗೇ ಮೀಸಲಾದ ಟ್ಯಾಂಕ್ ಇರುವ ವಾಟರ್ ಹೀಟರ್ ಇದ್ದರೆ ಅದರಲ್ಲಿ ಸಾಮಾನ್ಯವಾಗಿ 40ರಿಂದ 50 ಗ್ಯಾಲನ್ ನೀರು ನಿಂತಿರುತ್ತದೆ. ಅದು ಉರುಳದಂತೆ ಲೋಹದ ಪಟ್ಟಿಗಳಿಂದ ಗೋಡೆಗೆ ಬಿಗಿದಿರಬೇಕು ಎಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ. ಬಾಡಿಗೆ ಮನೆಯಲ್ಲಿ ಪಟ್ಟಿ ಕಾಣದಿದ್ದರೆ ಮನೆಯ ಮಾಲೀಕರಿಗೆ ಬರೆದು ಕೇಳಿ. ಬೇಕಾದಾಗ ಮೊದಲು ಹೀಟರಿನ ಗ್ಯಾಸ್ ಅಥವಾ ವಿದ್ಯುತ್ ನಿಲ್ಲಿಸಿ, ತಣ್ಣೀರು ಒಳಬರುವ ಕವಾಟವನ್ನು ಮುಚ್ಚಿ, ಮನೆಯ ಯಾವುದಾದರೊಂದು ಬಿಸಿನೀರಿನ ನಲ್ಲಿ ತೆರೆದು, ಆಮೇಲೆ ಟ್ಯಾಂಕಿನ ತಳದ ನಲ್ಲಿಯಿಂದ ನೀರು ಹಿಡಿಯಬೇಕು. ನೀರು ಮೈ ಸುಡುವಷ್ಟು ಬಿಸಿಯಿರಬಹುದು, ಮೊದಲು ಬರುವುದರಲ್ಲಿ ಕೆಸರೂ ಇರಬಹುದು. ಟ್ಯಾಂಕ್ ಮತ್ತೆ ತುಂಬುವವರೆಗೆ ಹೀಟರ್ ಹಚ್ಚಬಾರದು. ಟ್ಯಾಂಕಿಲ್ಲದ ಹೊಸ ಬಗೆಯ ಹೀಟರಿನಲ್ಲಿ ಈ ಅನುಕೂಲ ಇಲ್ಲ.

ಶುದ್ಧತೆಯ ಬಗ್ಗೆ ಅನುಮಾನವಿದ್ದರೆ ಒಂದು ನಿಮಿಷ ಚೆನ್ನಾಗಿ ಕುದಿಸುವುದೇ ಸರಿಯಾದ ಕ್ರಮ. ಗ್ಯಾಸ್ ಮತ್ತು ವಿದ್ಯುತ್ ಎರಡೂ ಇಲ್ಲದಿದ್ದರೆ ಬ್ಲೀಚ್ ಬಳಸಬಹುದು: ತಿಳಿಯಾದ ಒಂದು ಗ್ಯಾಲನ್ ನೀರಿಗೆ ಶೇಕಡಾ 6ರ ಬ್ಲೀಚ್ ಆದರೆ 8 ಹನಿ, ಶೇಕಡಾ 8.25ರದಾದರೆ 6 ಹನಿ; ಬೆರೆಸಿ ಅರ್ಧ ಗಂಟೆ ಬಿಡಬೇಕು. ನೀರು ಬಗ್ಗಡವಾಗಿದ್ದರೆ ಬಟ್ಟೆಯಲ್ಲಿ ಸೋಸಿ, ಹನಿಗಳನ್ನು ಇಮ್ಮಡಿ ಮಾಡಬೇಕು. ಶೇಕಡಾವಾರು ಬಾಟಲಿಯ ಮೇಲೆಯೇ ಇರುತ್ತದೆ. ಸುವಾಸನೆಯ ಬ್ಲೀಚ್, ಬಣ್ಣದ ಬಟ್ಟೆಗಳಿಗೆಂದು ಮಾರುವ ಬ್ಲೀಚ್ ಇದಕ್ಕೆ ಸಲ್ಲ. ಬ್ಲೀಚಿನ ಶಕ್ತಿ ಕಾಲ ಕಳೆದಂತೆ ಕುಂದುವುದರಿಂದ ವರ್ಷಕ್ಕೊಮ್ಮೆ ಹೊಸದನ್ನು ತನ್ನಿ. ಪೆಟ್ರೋಲ್ ಅಥವಾ ರಾಸಾಯನಿಕ ಬೆರೆತ ನೀರು ಕುದಿಸಿದರೂ ಬ್ಲೀಚ್ ಹಾಕಿದರೂ ಕುಡಿಯಲು ಯೋಗ್ಯವಾಗುವುದಿಲ್ಲ.

ಇನ್ನು ರಕ್ತಸ್ರಾವದ ವಿಷಯ. ಭೂಕಂಪದಲ್ಲಿ ಕಿಟಕಿ ಒಡೆಯುತ್ತದೆ, ಕನ್ನಡಿ ಬೀಳುತ್ತದೆ, ಕಪಾಟು ಉರುಳುತ್ತದೆ. ಇಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಹೋದರೂ ಆಂಬುಲೆನ್ಸ್ ಬೇಗ ಬರುವ ಭರವಸೆ ಇರುವುದಿಲ್ಲ. ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಈ ಭಯವನ್ನೇ ಮುಂದಿಟ್ಟುಕೊಂಡು ಆನ್‌ಲೈನ್ ಅಂಗಡಿಗಳಲ್ಲಿ ನಾನಾ ಬಗೆಯ ಪಟ್ಟಿ, ಪುಡಿ, ಸ್ಪಂಜುಗಳನ್ನು ಮಾರುತ್ತಾರೆ. ಇವುಗಳಲ್ಲಿ ಒಳ್ಳೆಯವು ನಿಜವಾಗಿಯೂ ಜೀವ ಉಳಿಸಿವೆ. ಆದರೆ ರಕ್ತವನ್ನು ನಿಲ್ಲಿಸುವುದು ಮುಖ್ಯವಾಗಿ ಗಾಯದೊಳಗೆ ತುಂಬಿದ ಬಟ್ಟೆಯ ಮೇಲೆ ನಾವು ಹಾಕುವ ಒತ್ತಡ. ಪಟ್ಟಿಯಲ್ಲಿರುವ ಔಷಧ ಅದಕ್ಕೆ ನೆರವು ನೀಡುತ್ತದೆ, ಅಷ್ಟೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣನ್ನು ಸೇರಿಸಿದ ಗಾಝ್. ಕ್ವಿಕ್‌ಕ್ಲಾಟ್ ಹೆಸರಿನವು ಈ ಜಾತಿ. ಈ ಮಣ್ಣು ರಕ್ತದಲ್ಲಿರುವ ಹೆಪ್ಪುಗಟ್ಟುವ ಸಹಜ ಕ್ರಿಯೆಯನ್ನೇ ಚುರುಕುಗೊಳಿಸುತ್ತದೆ. ಇದರ ಸೈನಿಕ ರೂಪವಾದ ಕಾಂಬ್ಯಾಟ್ ಗಾಝ್ ಅನ್ನು 2008ರಿಂದ ಅಮೆರಿಕದ ಸೇನಾ ವೈದ್ಯಕೀಯ ಮಾರ್ಗಸೂಚಿ ಶಿಫಾರಸು ಮಾಡುತ್ತ ಬಂದಿದೆ. ಇನ್ನೊಂದು ಕೈಟೊಸಾನ್ ಇರುವಂಥದು. ಸೆಲಾಕ್ಸ್, ಕೈಟೊಗಾಝ್ ಈ ಗುಂಪಿಗೆ ಸೇರುತ್ತವೆ. ಇದು ಕೆಂಪು ರಕ್ತಕಣಗಳನ್ನು ತನ್ನತ್ತ ಸೆಳೆದು ಅಂಟಿನಂಥ ಮುದ್ದೆಯಾಗುತ್ತದೆ, ದೇಹದ ಹೆಪ್ಪುಗಟ್ಟುವ ಶಕ್ತಿಯನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಈ ಗುಣ ಉಪಯುಕ್ತ. ಆದರೆ ಕೈಟೊಸಾನ್ ಅನ್ನು ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುತ್ತಾರೆ ಎಂಬುದು ನಿಮಗೆ ತಿಳಿದಿರಲಿ. ಅವುಗಳ ಅಲರ್ಜಿ ಇರುವವರು ಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಸಸ್ಯಾಹಾರದ ನೇಮವನ್ನು ಔಷಧಕ್ಕೂ ಅನ್ವಯಿಸುವ ಮನೆಗಳಿಗೆ ಕೇಯೊಲಿನ್ ಬಗೆ ನೆಮ್ಮದಿ ಕೊಡುತ್ತದೆ. ಈ ಆಯ್ಕೆಯನ್ನು ಕೊಳ್ಳುವಾಗಲೇ ಮಾಡಿಬಿಡಿ, ರಕ್ತ ಹರಿಯುವಾಗ ಅದರ ಚರ್ಚೆ ಬೇಡ.

ಪುಡಿಯ ರೂಪದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಈ ಶತಮಾನದ ಆರಂಭದಲ್ಲಿ ಬಂದ ಜಿಯೊಲೈಟ್ ಎಂಬ ಖನಿಜದ ಪುಡಿ ರಕ್ತದ ತೇವಕ್ಕೆ ಬಿಸಿಯೇರಿ ಚರ್ಮವನ್ನು ಸುಟ್ಟ ಪ್ರಸಂಗಗಳಿದ್ದವು. ಈಗಿನ ಪುಡಿಗಳಲ್ಲಿ ಆ ದೋಷವಿಲ್ಲದಿದ್ದರೂ ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತವೆ, ರಕ್ತದ ರಭಸಕ್ಕೆ ಕೊಚ್ಚಿಹೋಗುತ್ತವೆ. ಮಡಿಕೆ ಮಡಿಕೆಯಾಗಿ ಜೋಡಿಸಿದ, ನಿರ್ವಾತ ಪೊಟ್ಟಣದಲ್ಲಿರುವ ಉದ್ದನೆಯ ಗಾಝ್ ಅನ್ನೇ ಕೊಳ್ಳಿ. ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನಾಂಕ ನೋಡಿ, ತಯಾರಕರಿಂದಲೋ ಅವರ ಅಧಿಕೃತ ಮಾರಾಟಗಾರರಿಂದಲೋ ಕೊಳ್ಳಿ. ಸಾದಾ ಗಾಝ್‌ಗಿಂತ ಇದು ಹಲವು ಪಟ್ಟು ದುಬಾರಿ. ಆದ್ದರಿಂದ ಒಂದು ಮನೆಗೆ ಇಂಥದ್ದು ಒಂದೆರಡು ಸಾಕು. ಅದರ ಜೊತೆಗೆ ಸಾದಾ ಗಾಝ್ ಸುರುಳಿಗಳು, ಬಿಗಿಯಾಗಿ ಕಟ್ಟುವ ಒತ್ತಡದ ಬ್ಯಾಂಡೇಜ್, ನೈಟ್ರೈಲ್ ಕೈಗವಸು, ಬಟ್ಟೆ ಕತ್ತರಿಸುವ ಗಟ್ಟಿ ಕತ್ತರಿ ಧಾರಾಳವಾಗಿರಲಿ.

ಬಳಸುವ ಕ್ರಮ ಹೀಗಿದೆ. ಗಾಯದ ಮೇಲಿನ ಬಟ್ಟೆ ಕತ್ತರಿಸಿ ರಕ್ತ ಎಲ್ಲಿಂದ ಬರುತ್ತಿದೆ ಎಂದು ಕಂಡುಕೊಂಡು, ಗಾಝ್ ಅನ್ನು ಬೆರಳಿನಿಂದ ಗಾಯದ ತಳದವರೆಗೆ ತುರುಕುತ್ತ ಹೋಗಿ, ಗಾಯ ತುಂಬಿದ ಮೇಲೆ ಎರಡೂ ಅಂಗೈಗಳನ್ನಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಬೇಕು. ಕನಿಷ್ಠ 3 ನಿಮಿಷ, ಸಾದಾ ಬಟ್ಟೆಯಾದರೆ ಇನ್ನೂ ಹೆಚ್ಚು ಹೊತ್ತು. ನಿಂತಿತೇ ಎಂದು ನಡುವೆ ತೆಗೆದು ನೋಡಬಾರದು. ಗಾಯಾಳು ನೋವಿನಿಂದ ಕೂಗುತ್ತಾರೆ, ಆದರೂ ಕೈ ಸಡಿಲಿಸಬಾರದು. ರಕ್ತ ನಿಂತ ಮೇಲೆ ಪಟ್ಟಿಯನ್ನು ಅಲ್ಲೇ ಬಿಟ್ಟು ಮೇಲೆ ಬಿಗಿಯಾಗಿ ಕಟ್ಟಿ, ಖಾಲಿ ಪೊಟ್ಟಣವನ್ನು ವೈದ್ಯರಿಗೆ ತೋರಿಸಲು ಇಟ್ಟುಕೊಳ್ಳಿ. ಗಾಯದಲ್ಲಿ ನೆಟ್ಟ ದೊಡ್ಡ ಗಾಜಿನ ಚೂರನ್ನು ಕೀಳಬಾರದು, ಅದರ ಸುತ್ತಲೂ ಒತ್ತು ಕೊಡಬೇಕು. ಎದೆ, ಹೊಟ್ಟೆ, ತಲೆಬುರುಡೆಯ ಒಳಗೆ ಈ ಪಟ್ಟಿಯನ್ನು ತುರುಕಬಾರದು. ಇದರ ನಿಜವಾದ ಜಾಗ ತೊಡೆಸಂದು, ಕಂಕುಳು, ಭುಜ, ಕತ್ತಿನ ಬುಡದಂತಹ ಕಟ್ಟು ಹಾಕಲಾಗದ ಕಡೆಗಳು. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು, ಟೂರ್ನಿಕೆ (ಕಡ್ಡಿ ತಿರುಗಿಸಿ ಬಿಗಿದು ರಕ್ತದ ಹರಿವನ್ನೇ ತಡೆಯುವ ಪಟ್ಟಿ) ಬಿಗಿದು ಸಮಯ ಬರೆದಿಡುವುದೇ ವೇಗದ ಉಪಾಯ. ಪ್ರಸಿದ್ಧ ಟೂರ್ನಿಕೆಗಳ ನಕಲುಗಳು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತವೆ, ತಿರುಗಿಸುವಾಗ ಮುರಿಯುತ್ತವೆ. ಅಲ್ಲಿ ಉಳಿತಾಯ ಮಾಡಬೇಡಿ. ಈಳಿಗೆ, ಚಾಕು ತಾಗಿದ ಸಣ್ಣ ಗಾಯಕ್ಕೆ ಇವು ಯಾವುವೂ ಬೇಕಿಲ್ಲ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ಸಾಕು.

ಇದನ್ನೆಲ್ಲ ಓದಿ ಕಲಿಯಲಾಗದು. 2015ರಲ್ಲಿ ಆರಂಭವಾದ ಸ್ಟಾಪ್ ದ ಬ್ಲೀಡ್ ಎಂಬ ತರಬೇತಿಯನ್ನು ಹಲವು ಆಸ್ಪತ್ರೆಗಳೂ ಅಗ್ನಿಶಾಮಕ ಇಲಾಖೆಗಳೂ ನಡೆಸುತ್ತವೆ, ಹೆಚ್ಚಾಗಿ ಉಚಿತವಾಗಿ. ಕೃತಕ ಗಾಯದ ಮಾದರಿಯಲ್ಲಿ ಗಾಝ್ ತುರುಕುವುದನ್ನೂ ಟೂರ್ನಿಕೆ ಬಿಗಿಯುವುದನ್ನೂ ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ. ಮನೆಯಿಂದ ಕನಿಷ್ಠ ಇಬ್ಬರು ಹೋಗಿಬನ್ನಿ, ಏಕೆಂದರೆ ಕಲಿತವರೇ ಗಾಯಗೊಳ್ಳಬಹುದು. ಕನ್ನಡ ಕೂಟದ ಗೆಳೆಯರು ಹತ್ತು ಹದಿನೈದು ಮಂದಿ ಸೇರಿ ಕೇಳಿಕೊಂಡರೆ ತರಬೇತುದಾರರು ನಾವಿರುವ ಕಡೆಗೇ ಬರುವುದೂ ಉಂಟು.

ಹಣ ಸೀಮಿತವಾಗಿದ್ದರೆ ನನ್ನ ಸಲಹೆಯ ಕ್ರಮ ಇದು: ಈ ವಾರವೇ ನೀರು, ಈ ತಿಂಗಳಲ್ಲಿ ತರಬೇತಿ ಮತ್ತು ಸಾದಾ ಗಾಝ್, ಅದಾದ ಮೇಲೆ ಒಳ್ಳೆಯ ಟೂರ್ನಿಕೆ, ಕೊನೆಗೆ ಔಷಧಲೇಪಿತ ಪಟ್ಟಿ. ಊರಿನಿಂದ ಬಂದ ಹಿರಿಯರಿಗೆ ಪೆಟ್ಟಿಗೆ ಎಲ್ಲಿದೆ ಎಂದು ಬಂದ ಮೊದಲ ದಿನವೇ ತೋರಿಸಿ; ಹಗಲೆಲ್ಲ ಮನೆಯಲ್ಲಿ ಮೊಮ್ಮಕ್ಕಳೊಡನೆ ಇರುವವರು ಅವರೇ. ಹೀಟರಿನ ಕವಾಟ ಮುಚ್ಚುವ ಕ್ರಮ, ಬ್ಲೀಚಿನ ಹನಿಗಳ ಲೆಕ್ಕ, ಮನೆಯ ವಿಳಾಸ, 911ಕ್ಕೆ ಹೇಳಬೇಕಾದ ಎರಡು ಇಂಗ್ಲಿಷ್ ವಾಕ್ಯಗಳು ಕನ್ನಡ ಲಿಪಿಯಲ್ಲಿ, ಅವರು ನುಂಗುವ ಮಾತ್ರೆಗಳ ಹೆಸರು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ.