ಕಾಡಿನ ಜಲಪಾತ ಹುಡುಕಿ ಹೊರಟಿರಾ? ಸದ್ದಿನ ಬೆನ್ನು ಹತ್ತಬೇಡಿ

ಫಲಕವಿಲ್ಲದ, ಮೆಟ್ಟಿಲಿಲ್ಲದ ಜಲಪಾತಕ್ಕೆ ಹೊರಟವರು ಎಡವುವುದು ಹೆಚ್ಚಾಗಿ ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಅಲ್ಲಿವರೆಗೆ ಶಿಸ್ತಾಗಿ ನಡೆದವರೂ ನೀರಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಕಾಲುದಾರಿ ಬಿಟ್ಟು ಪೊದೆಗೆ ನುಗ್ಗುತ್ತಾರೆ.

ಹೊರಡುವ ಮುನ್ನ: ಅರಣ್ಯ ಇಲಾಖೆಯ ಅನುಮತಿ ಬೇಕೇ ವಿಚಾರಿಸಿ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ.

ನಕ್ಷೆ: ಹಳ್ಳದ ನೀಲಿ ಗೆರೆಯನ್ನು ಕಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತೊತ್ತಾಗಿ ದಾಟುವ ಜಾಗ ನೋಡಿಕೊಳ್ಳಿ, ನೀರು ಕಡಿದಾಗಿ ಇಳಿಯುವುದು ಅಲ್ಲೇ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಆದರೂ ದಟ್ಟ ಮರಗಳ ಕೆಳಗೆ, ಇಕ್ಕಟ್ಟಾದ ಕಣಿವೆಯಲ್ಲಿ ಜಿಪಿಎಸ್ ಚುಕ್ಕೆ ಅತ್ತಿತ್ತ ಜಿಗಿಯುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ.

ಸಮಯ: 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಸುಮಾರಾಗಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿಯಿಲ್ಲದ ಕಾಡಿನಲ್ಲಿ ಅದನ್ನು ದುಪ್ಪಟ್ಟು ಮಾಡಿ. ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಹೊರಡುವಾಗಲೇ ನಿಶ್ಚಯಿಸಿ. ಜಲಪಾತ ಸಿಗದಿದ್ದರೂ ಆ ಹೊತ್ತಿಗೆ ತಿರುಗಿ.

ಬೂಟು: 'ವಾಟರ್‌ಪ್ರೂಫ್' ಎಂದು ಮಾರುವ ಬೂಟು ಹಳ್ಳ ದಾಟುವವರಿಗೆ ದಂಡ. ಮೇಲಿನಿಂದ ಒಳಗೆ ಹೋದ ನೀರು ಹೊರಗೆ ಬರುವುದೇ ಇಲ್ಲ. ಬಲೆಬಟ್ಟೆಯ, ಮೆತ್ತನೆ ರಬ್ಬರ್ ಅಟ್ಟೆಯ ಹಳೆಯ ಶೂ ಸಾಕು. ತಿರುಗಿಸಿ ಬಿಗಿ ಮಾಡುವ ಅಗ್ಗದ ಚಾರಣಕೋಲು ಭಾರ ಬಿದ್ದಾಗಲೇ ಒಳಕ್ಕೆ ಕುಸಿಯುತ್ತದೆ. ಎದೆಮಟ್ಟದ ಗಟ್ಟಿ ದೊಣ್ಣೆಯೇ ವಾಸಿ.

ಇನ್ನು ಕೊನೆಯ ಅರ್ಧ ಕಿಲೋಮೀಟರ್. ಕಣಿವೆಯಲ್ಲಿ ಸದ್ದು ಬಂಡೆಗಳಿಗೆ ಬಡಿದು ಎತ್ತಲಿಂದಲೋ ಬಂದಂತೆ ಕೇಳುತ್ತದೆ. ಹತ್ತಿರದ ಪುಟ್ಟ ಝರಿಯೂ ದೂರದ ದೊಡ್ಡ ಜಲಪಾತದಂತೆ ಮೊರೆಯುತ್ತದೆ. ಕಿವಿಯನ್ನು ನಂಬದೆ ಹಳ್ಳದ ದಂಡೆ ಹಿಡಿದು ಮೇಲಕ್ಕೆ ನಡೆಯಿರಿ. ದಂಡೆ ಎಂದೆ, ಹಳ್ಳದೊಳಗೆ ಅಲ್ಲ. ಕಲ್ಲಿಂದ ಕಲ್ಲಿಗೆ ಹಾರುವುದು ಬೇಡವೇ ಬೇಡ. ಕಪ್ಪಗೆ ಹೊಳೆಯುವ ಕಲ್ಲೆಂದರೆ ಪಾಚಿ. ಹಳ್ಳಕ್ಕೆ ಇಳಿಯಲೇಬೇಕಾದರೆ ಕಲ್ಲಿನ ನೆತ್ತಿಯ ಮೇಲಲ್ಲ, ಕಲ್ಲುಗಳ ನಡುವಿನ ಜಲ್ಲಿಯ ಮೇಲೆ ಕಾಲಿಡಿ.

ದಾಟಬೇಕಿದ್ದರೆ ಹಳ್ಳ ಅಗಲವಾಗಿ, ನೇರವಾಗಿ ಹರಿಯುವ ಜಾಗ ಹುಡುಕಿ. ಇಕ್ಕಟ್ಟಾದಲ್ಲಿ ನೀರು ಆಳ, ಸೆಳೆತ ಜೋರು. ಕೆಳಗೆ ಧುಮುಕುವ ಜಾಗವಾಗಲಿ, ಅಡ್ಡ ಬಿದ್ದ ಮರವಾಗಲಿ ಇರಕೂಡದು. ಒಂದು ಕಡ್ಡಿ ಎಸೆದು ನೋಡಿ: ನಿಮ್ಮ ನಡಿಗೆಗಿಂತ ವೇಗವಾಗಿ ಅದು ಹೋದರೆ, ಅಥವಾ ನೀರು ಮೊಣಕಾಲು ಮೀರಿದರೆ ದಾಟಬೇಡಿ. ಚೀಲದ ಸೊಂಟಪಟ್ಟಿ, ಎದೆಪಟ್ಟಿ ಎರಡನ್ನೂ ಬಿಚ್ಚಿ; ಬಿದ್ದರೆ ಚೀಲ ಕಳಚಿಹೋಗಬೇಕು, ನಿಮ್ಮನ್ನು ಎಳೆಯಬಾರದು. ನೀರು ಬರುವ ಕಡೆಗೆ ಮುಖ ಮಾಡಿ, ದೊಣ್ಣೆಯನ್ನು ಮುಂದೆ ಊರಿ, ಅಡ್ಡಡ್ಡಲಾಗಿ ಸರಿಯಿರಿ. ದೊಣ್ಣೆ, ಒಂದು ಕಾಲು, ಇನ್ನೊಂದು ಕಾಲು: ಒಂದು ಸಲಕ್ಕೆ ಒಂದೇ ಕದಲಲಿ. ಶೂ ಬಿಚ್ಚಿ ಕೈಯಲ್ಲಿ ಹಿಡಿದು ದಾಟುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಮಳೆ ಸುರಿದಿರಬಹುದು. ತಿಳಿನೀರು ಕೆಂಪಾದರೆ, ಎಲೆ-ಕಡ್ಡಿ ತೇಲಿಬಂದರೆ, ಮೊರೆತ ಜೋರಾದರೆ ಮಾತಿಲ್ಲದೆ ದಡದ ಮೇಲ್ಭಾಗಕ್ಕೆ ಹತ್ತಿ.

ಜಲಪಾತದ ಬುಡದಲ್ಲಿ: ನೊರೆ ತುಂಬಿದ ಬಿಳಿ ನೀರಿನಲ್ಲಿ ಗಾಳಿಯೇ ಹೆಚ್ಚು, ಅದು ಮೈಯನ್ನು ತೇಲಿಸುವುದಿಲ್ಲ. ಈಜು ಬಲ್ಲವರೂ ಅಲ್ಲಿ ಮುಳುಗುತ್ತಾರೆ. ಧಾರೆಯ ಕೆಳಗೆ ನಿಲ್ಲಬೇಡಿ, ನೀರಿನ ಜತೆ ಕಲ್ಲೂ ಬೀಳುತ್ತದೆ. ಪಕ್ಕದ ಬಂಡೆ ಹತ್ತಬೇಡಿ, ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ.

ವಾಪಸು: ಹೋಗುವಾಗಲೇ ಪ್ರತಿ ಕವಲಿನಲ್ಲಿ ಹಿಂದಿರುಗಿ ನಿಂತು ಒಂದು ಫೋಟೊ ತೆಗೆದಿಡಿ, ಬರುವಾಗ ಕಣ್ಣಿಗೆ ಬೀಳುವುದು ಆ ನೋಟವೇ. ಮರಕ್ಕೆ ಬಣ್ಣ ಬಳಿಯಬೇಡಿ. ಹಳ್ಳ ದಾಟಿದ ಕಡೆ ನೀರು ಒಂದು ಕಲ್ಲಿನ ಎಲ್ಲಿವರೆಗೆ ಇತ್ತೆಂದು ಗುರುತಿಟ್ಟುಕೊಳ್ಳಿ. ಮರಳುವಾಗ ಆ ಗುರುತು ಮುಳುಗಿದ್ದರೆ ದಡದಲ್ಲೇ ಕುಳಿತುಕೊಳ್ಳಿ. ಸಣ್ಣ ಹಳ್ಳ ಮಳೆ ನಿಂತ ಮೇಲೆ ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ತಲೆಗೆ ಕಟ್ಟುವ ಟಾರ್ಚು, ಒಂದು ಜತೆ ಒಣಬಟ್ಟೆ ಚೀಲದಲ್ಲಿರಬೇಕು ಎನ್ನುವುದು ಇದಕ್ಕೇ.