ಸೈನ್ಸ್ ಓದೋಕೂ ಎಂಟ್ರೆನ್ಸ್: ಐಸರ್, ಐಐಎಸ್‌ಸಿ ಸೀಟಿಗೆ ತಯಾರಿ ಹೀಗಿರಲಿ

"ಬಿಎಸ್ಸಿ ಓದೋಕೂ ಎಂಟ್ರೆನ್ಸ್ ಬರೀಬೇಕಾ ಸಾರ್?" ಮಂಡ್ಯದ ಅಪ್ಪ-ಅಮ್ಮಂದಿರು ಹೀಗೆ ಕೇಳಿದರೆ ತಪ್ಪೇನಿಲ್ಲ. ನಮ್ಮ ಕಡೆ ಪಿಯುಸಿ ಸೈನ್ಸ್ ಅಂದರೆ ಸಿಇಟಿ, ಇಲ್ಲವೇ ನೀಟ್. ಎರಡೂ ಕೈಕೊಟ್ಟರೆ ಬಿಎಸ್ಸಿ. ಆದರೆ ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಐದು ವರ್ಷದ ಬಿಎಸ್-ಎಂಎಸ್ (ಪದವಿ, ಸ್ನಾತಕೋತ್ತರ ಎರಡೂ ಸೇರಿದ್ದು) ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಅಂಥ ಕೋರ್ಸ್‌ಗಳಲ್ಲ. ಸೈನ್ಸನ್ನೇ ಬಯಸಿ ಬರುವ ಮಕ್ಕಳಿಗೆ ಇರುವಂಥವು ಇವು. ಕೊನೆಯ ವರ್ಷದಲ್ಲಿ ಸಂಶೋಧನೆಯನ್ನೂ ಮಾಡಬೇಕು. ಅಂದಹಾಗೆ, ಐಐಎಸ್‌ಸಿ ಎದ್ದು ನಿಂತದ್ದು ಮೈಸೂರು ಅರಸರು ಕೊಟ್ಟ 371 ಎಕರೆ ಜಾಗದಲ್ಲಿ. ನಮ್ಮ ಮಕ್ಕಳು ಅಲ್ಲಿಗೆ ಹೋಗಲು ಹಿಂಜರಿಯುವುದೇಕೆ?

ತಯಾರಿ ಪ್ರಥಮ ಪಿಯುಸಿಗೆ ಕಾಂಬಿನೇಷನ್ ಆರಿಸುವಾಗಲೇ ಶುರು. ಐಸರ್ ಆಪ್ಟಿಟ್ಯೂಡ್ ಟೆಸ್ಟ್, ಅಂದರೆ ಐಎಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕರಿಂದಲೂ ತಲಾ 15 ಪ್ರಶ್ನೆ. ಒಟ್ಟು 60 ಪ್ರಶ್ನೆ, 240 ಅಂಕ, ಮೂರು ಗಂಟೆ. ಹಾಗಾಗಿ ಪಿಸಿಎಂಬಿ ತೆಗೆದುಕೊಂಡವರಿಗೆ ಅನುಕೂಲ ಜಾಸ್ತಿ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರೂ ಬರೆಯಬಹುದು, ಆದರೆ ಬಯಾಲಜಿಯನ್ನು ಪೂರ್ತಿ ಬಿಟ್ಟರೆ 60 ಅಂಕ ಹೋದಂತೆಯೇ. ಅಂಥವರು ಜೆನೆಟಿಕ್ಸ್‌ನಿಂದ ಆರಂಭಿಸಲಿ. ಅದು ಅರ್ಧ ಲೆಕ್ಕವೇ ಅಲ್ವಾ? ನಮ್ಮ ಪಿಯು ಕಾಲೇಜುಗಳಲ್ಲಿ ಓದಿಸುವುದೂ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ, ಬೇರೆ ಸಿಲೆಬಸ್ ಹುಡುಕುವ ಅಗತ್ಯವಿಲ್ಲ. ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಇರುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಪಾರಿಭಾಷಿಕ ಪದಗಳನ್ನು ಮೊದಲ ವರ್ಷವೇ ರೂಢಿ ಮಾಡಿಕೊಳ್ಳಬೇಕು.

ನಿಜವಾಗಿ ಬದಲಾಗಬೇಕಾದ್ದು ಸಿಇಟಿ ಅಭ್ಯಾಸ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತ ಇಲ್ಲ. ಗೊತ್ತಿಲ್ಲದಿದ್ದರೂ ಸುಮ್ನೆ ಒಂದನ್ನು ತುಂಬಿ ಬರುತ್ತಾರೆ. ಐಎಟಿಯಲ್ಲಿ ಪ್ರಶ್ನೆಗೆ ಮೂರು ನಿಮಿಷ ಸಿಗುತ್ತದೆ. ಅಂದರೆ ಯೋಚಿಸಲಿ ಅಂತಲೇ ಕೊಟ್ಟ ಸಮಯ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ. ಹತ್ತು ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿ ಎರಡು ಸರಿಯಾದವು ಅನ್ನಿ: ಬಂದದ್ದು 8, ಹೋದದ್ದು 8. ಪಟ್ಟ ಪಾಡೆಲ್ಲ ಸೊನ್ನೆ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಾದಾಗ ಮಾತ್ರ ಕೈಹಾಕಿ. ಆಗ ಹತ್ತರಲ್ಲಿ ಐದು ಸರಿಯಾದರೂ 15 ಅಂಕ ಉಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ತಪ್ಪಾದ ಪ್ರಶ್ನೆಗಳಿಗೆ ಬೇರೆ ನೋಟ್‌ಬುಕ್ ಇಡಿ.

ಐಎಟಿಗೆ ಅರ್ಜಿ ಕರೆಯುವುದು ಹೆಚ್ಚಾಗಿ ಮಾರ್ಚ್ ಆಸುಪಾಸಿನಲ್ಲಿ, ದ್ವಿತೀಯ ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲೇ. ಅಪ್ಪನೋ ಅಕ್ಕನೋ ವೆಬ್‌ಸೈಟ್ ಮೇಲೆ ಕಣ್ಣಿಟ್ಟಿರಲಿ. ಐಐಎಸ್‌ಸಿಯೂ ಐಎಟಿ ಅಂಕ ನೋಡುತ್ತದೆ, ಆದರೆ ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಲೇಬೇಕು. ಐಎಟಿ ಬರೆದೆವಲ್ಲ ಅಂತ ಕೂತರೆ ಆಗದು. ಪಿಯುಸಿಯಲ್ಲಿ 60 ಪರ್ಸೆಂಟ್ ಬೇಕು, ಪರಿಶಿಷ್ಟರಿಗೆ ಸಡಿಲಿಕೆ ಇದೆ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಹುಷಾರು. ನಮ್ಮ 2ಎ, 3ಎ ಎಲ್ಲ ರಾಜ್ಯದ ಲೆಕ್ಕ, ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರದಲ್ಲಿಲ್ಲ ಎಂಬ ಪ್ರಮಾಣಪತ್ರ ಬೇಕು ಅಂತ ತಹಶೀಲ್ದಾರ್ ಕಚೇರಿಯಲ್ಲಿ ಬಿಡಿಸಿ ಹೇಳಿ. ಪಟ್ಟಿಯಲ್ಲಿ ಇಲ್ಲವಾದರೆ ಮನೆಯ ಆದಾಯ, ಆಸ್ತಿ ನೋಡಿ ಇಡಬ್ಲ್ಯೂಎಸ್‌ಗೆ, ಅಂದರೆ ಆರ್ಥಿಕವಾಗಿ ದುರ್ಬಲರಾದವರ ಮೀಸಲಾತಿಗೆ ಅರ್ಹತೆ ಇದೆಯಾ ವಿಚಾರಿಸಿ. ಆ ಪ್ರಮಾಣಪತ್ರವನ್ನು ಆಯಾ ಹಣಕಾಸು ವರ್ಷಕ್ಕೆ ಹೊಸದಾಗಿ ಮಾಡಿಸಬೇಕು.

ರ್‍ಯಾಂಕ್ ಬಂದ ಮೇಲೆ ಐಸರ್‌ಗಳನ್ನು ಆದ್ಯತೆಯ ಪ್ರಕಾರ ಜೋಡಿಸುವುದು. ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬ್ರಹ್ಮಪುರ, ಹೀಗೆ ಏಳಿವೆ. ತಿರುಪತಿ ಹತ್ತಿರ, ಅಮ್ಮನಿಗೆ ಸಮಾಧಾನ ಅನ್ನುವ ಒಂದೇ ಕಾರಣಕ್ಕೆ ಅದನ್ನು ಮೊದಲು ಹಾಕಬೇಡಿ. ನಿಮಗೆ ಇಷ್ಟವಾದ ವಿಷಯದಲ್ಲಿ ಎಲ್ಲಿ ಯಾವ ಮೇಷ್ಟ್ರು ಏನು ಕೆಲಸ ಮಾಡುತ್ತಿದ್ದಾರೆ ಅಂತ ಆಯಾ ವಿಭಾಗದ ಪುಟದಲ್ಲಿ ಓದಿ ನೋಡಿ ಜೋಡಿಸಿ. ಸೀಟು ಬಂದಾಗ ಕೊಟ್ಟ ಗಡುವಿನೊಳಗೆ ಶುಲ್ಕ ಕಟ್ಟಿ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಅದು ಮುಂದಿನವರ ಪಾಲಾಗುತ್ತದೆ.